ಸುಶಿ ಊಟದ ಬರಹದಲ್ಲಿ ಅಪ್ಪ ಎಲ್ಲಿ?

ನಮಸ್ಕಾರ. ಮನೆಯವರೆಲ್ಲ ಸೇರಿ ಹತ್ತಿರದ ಸುಶಿ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಹೋದ ನಿಮ್ಮ ಬರಹ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕಾರಣ ಹೇಳುತ್ತೇನೆ, ಬೇಜಾರಾದರೆ ನಾಳೆ ಇನ್ನೊಮ್ಮೆ ಓದಿ.

ಮೊದಲ ಎರಡು ಪುಟ ಪೂರ್ತಿ ಪಾಠ. ನಿಗಿರಿ ಅಂದರೆ ಅನ್ನದ ಮುದ್ದೆಯ ಮೇಲೆ ಮೀನಿನ ತುಂಡು, ಮಾಕಿ ಅಂದರೆ ಸುರುಳಿ ಸುತ್ತಿದ ಸುಶಿ, ನೋರಿ ಅಂದರೆ ಕಡಲ ಪಾಚಿಯ ಹಾಳೆ. ಇದನ್ನೆಲ್ಲ ಯಾರು ಬೇಕಾದರೂ ಫೋನಿನಲ್ಲಿ ಹುಡುಕಿಕೊಳ್ಳುತ್ತಾರೆ. ನಿಮ್ಮ ಅಪ್ಪ ಅಲ್ಲಿ ಸಿಗುವುದಿಲ್ಲ, ಅಲ್ವಾ?

ಹೋಗಲಿ, ಪಾಠವಾದರೂ ಸರಿ ಇರಬೇಕಿತ್ತು. ತಟ್ಟೆಗಳು ಬೆಲ್ಟಿನ ಮೇಲೆ ಸುತ್ತಿ ಬರುವುದನ್ನು ‘ಶತಮಾನಗಳ ಸಂಪ್ರದಾಯ’ ಎಂದಿದ್ದೀರಿ. ಅದು ಶುರುವಾದದ್ದು 1958ರಲ್ಲಿ, ಜಪಾನಿನ ಒಸಾಕಾ ಪಕ್ಕದ ಈಗಿನ ಹಿಗಾಶಿ ಒಸಾಕಾದಲ್ಲಿ. ಯೋಶಿಯಾಕಿ ಶಿರಾಯಿಶಿ ಎಂಬ ಹೋಟೆಲ್ ಮಾಲೀಕರು ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಗುವುದನ್ನು ನೋಡಿದರು, ಇದನ್ನೇ ಸುಶಿಗೂ ಹಾಕಿದರೆ ಕಡಿಮೆ ಕೆಲಸದವರನ್ನಿಟ್ಟುಕೊಂಡು, ಕಡಿಮೆ ಬೆಲೆಗೆ ಕೊಡಬಹುದಲ್ಲ ಅಂದುಕೊಂಡರು. ದುಡ್ಡಿನ ಲೆಕ್ಕದಿಂದಲೇ ಹುಟ್ಟಿದ ಬೆಲ್ಟ್ ಅದು. ಅದರ ಮುಂದೆ ನಿಮ್ಮ ಅಪ್ಪ ತಟ್ಟೆಗಳ ಬಣ್ಣ ನೋಡಿಕೊಂಡು ಕೂತಿದ್ದಾರೆ, ನೀವು ಸಂಪ್ರದಾಯ ಅಂತಿದ್ದೀರಿ!

ಅಪ್ಪನ ಆ ಸಾಲು ಮೂರನೇ ಪುಟದಲ್ಲಿದೆ. ಅಪ್ಪ ಬಿಳಿ ತಟ್ಟೆಗಳನ್ನೇ ತೆಗೆದುಕೊಳ್ಳುತ್ತಿದ್ದರು, ತಂಗಿ ಕಪ್ಪು ತಟ್ಟೆಗೆ ಕೈ ಹಾಕಿದಾಗ ಒಮ್ಮೆ ನೋಡಿ ಸುಮ್ಮನಾದರು. ಅಷ್ಟೇ. ಮುಂದೆ ಶುಂಠಿ ಚೂರುಗಳ ಬಗ್ಗೆ ಒಂದಿಡೀ ಪ್ಯಾರಾ. ಇಂಥ ಕಡೆ ತಟ್ಟೆಯ ಬಣ್ಣ ನೋಡಿದರೆ ಬೆಲೆ ಗೊತ್ತಾಗುತ್ತದೆ, ಕೊನೆಗೆ ಖಾಲಿ ತಟ್ಟೆ ಎಣಿಸಿ ಬಿಲ್ ಮಾಡುತ್ತಾರೆ. ಓದುಗರಿಗೆ ಹೇಳಲೇಬೇಕಾಗಿದ್ದ ಮಾಹಿತಿ ಇದೊಂದೇ, ಅದನ್ನೇ ಬಿಟ್ಟಿದ್ದೀರಿ. ಅದು ಗೊತ್ತಿದ್ದರೆ ಅಪ್ಪನ ಆ ನೋಟಕ್ಕೆ ವಿವರಣೆಯೇ ಬೇಡ. ಮೇಜಿನ ಮೇಲೆ ತಟ್ಟೆಗಳು ಏರುತ್ತಾ ಹೋಗುವುದನ್ನು ತೋರಿಸಿ, ಸಾಕು.

ಅಜ್ಜಿ ಊಟದ ಕಡ್ಡಿ (ಚಾಪ್‌ಸ್ಟಿಕ್) ಪಕ್ಕಕ್ಕಿಟ್ಟು ಕೈಯಲ್ಲೇ ನಿಗಿರಿ ತಿಂದರು, ನಿಮಗೆ ನಾಚಿಕೆಯಾಯಿತು. ಆದರೆ ನಿಗಿರಿಯನ್ನು ಕೈಯಲ್ಲಿ ತಿನ್ನುವುದು ಜಪಾನಿನಲ್ಲೂ ಸರಿಯೇ. ಮೀನಿನ ಕಡೆಯನ್ನು ಸೋಯಾ ಸಾಸಿಗೆ ತಾಗಿಸುವ ಬದಲು ಅನ್ನದ ಕಡೆಯನ್ನು ಮುಳುಗಿಸಿ, ಎಲ್ಲಾ ಉದುರಿಸಿಕೊಂಡದ್ದು ನೀವು (ನೀವೇ ಬರೆದಿದ್ದೀರಿ). ನಾಚಿಕೆಯನ್ನು ತೆಗೆದುಹಾಕಬೇಡಿ, ಅದು ನಿಜವಾದದ್ದು. ಅಜ್ಜಿಯನ್ನು ಮಾತ್ರ ತಪ್ಪಿತಸ್ಥೆ ಮಾಡಬೇಡಿ.

ಇನ್ನು ಸಣ್ಣಪುಟ್ಟದ್ದು. ‘ಬಾಯಲ್ಲಿ ಕರಗಿತು’ ಅಂತ ನಾಲ್ಕು ಸಲ ಬಂದಿದೆ, ಒಮ್ಮೆ ಆಕ್ಟೋಪಸ್ ಬಗ್ಗೆ. ಆಕ್ಟೋಪಸ್ ಕರಗುವುದಿಲ್ಲ, ಜಗಿಯಬೇಕು. ಹಸಿರು ಮುದ್ದೆಯನ್ನು ಅಸಲಿ ವಸಾಬಿ (ಜಪಾನಿನ ಖಾರದ ಗಡ್ಡೆ ಅರೆದದ್ದು) ಅಂದಿದ್ದೀರಿ. ಅಸಲಿ ವಸಾಬಿ ದುಬಾರಿ, ಕಡಿಮೆ ಬೆಲೆಯ ಹೋಟೆಲುಗಳಲ್ಲಿ ಜಾಸ್ತಿ ಕೊಡುವುದು ಹಾರ್ಸ್‌ರ‍್ಯಾಡಿಶ್ ಗಡ್ಡೆಗೆ ಬಣ್ಣ ಹಾಕಿದ್ದನ್ನು. ಗೊತ್ತಿಲ್ಲದಿದ್ದರೆ ‘ಅಸಲಿ’ ಬಿಟ್ಟುಬಿಡಿ.

ಒಟ್ಟಿಗೆ ಉಣ್ಣುವ ಸಂತೋಷದ ಬಗ್ಗೆ ಇರುವ ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿ. ಬಿಲ್ ಬಂದಾಗ ಅಪ್ಪ ಏನು ಮಾಡಿದರು, ತಂಗಿ ಎಲ್ಲಿ ನೋಡುತ್ತಿದ್ದಳು? ಅದನ್ನು ನೀವು ಬರೆದೇ ಇಲ್ಲ. ಬರೆದು ಮತ್ತೆ ಕಳಿಸಿ. ಮೀನುಗಳ ಪಟ್ಟಿ ಬೇಡ.