ಫುಟ್‌ಬಾಲ್ ಹುಚ್ಚಿನ ಹುಡುಗನಿಗೆ ರಜೆಯ ಉಡುಗೊರೆ: ಮೆಸ್ಸಿ ಜೆರ್ಸಿಯೇ ಆಗಬೇಕೆ?

ನೀವು ಕೇಳಿದ್ದು ಇಷ್ಟು: ಅಕ್ಕನ ಮಗನಿಗೆ 13 ವರ್ಷ, ಕಾರವಾರದಲ್ಲಿ ಓದುತ್ತಾನೆ, ಮೆಸ್ಸಿ ಎಂದರೆ ಪ್ರಾಣ. ಕ್ರಿಸ್‌ಮಸ್ ರಜೆಗೆ ಶಿರಸಿಗೆ ಬರುತ್ತಾನೆ. ನಿಮಗೆ ಆಟದ ಗಂಧ ಇಲ್ಲ, ಎರಡು ಸಾವಿರದೊಳಗೆ ಜೆರ್ಸಿ ಕೊಡಿಸಲೋ, ಬೇರೇನಾದರೂ ಕೊಡಲೋ?

ನಾನು ಕಾರವಾರದವನು. ಸಣ್ಣವನಿದ್ದಾಗ ಕಡಲದಂಡೆ ಮರಳಲ್ಲಿ ಆಡಿದ್ದೇನೆ, ಈಗ ಸಂಜೆ ಹೊತ್ತು ಕೇರಿಯ ಹುಡುಗರನ್ನು ಆಡಿಸುತ್ತೇನೆ. ಮೊದಲು ಜೆರ್ಸಿ ವಿಷಯ ಮುಗಿಸೋಣ.

ಮೆಸ್ಸಿ ಆಡುವ ಅರ್ಜೆಂಟೀನಾ ತಂಡದ, ಕಂಪನಿಯ ಅಸಲಿ ಜೆರ್ಸಿ ಆ ದುಡ್ಡಿಗೆ ಸಿಗುವುದು ಕಷ್ಟ. ಸಿಗುವುದು ಅಂಗಡಿಯವರು ‘ಫಸ್ಟ್ ಕಾಪಿ’ ಅನ್ನುವ ನಕಲು. ಕೆಸರಲ್ಲಿ ಬಿದ್ದೇಳುವ ಹುಡುಗನಿಗೆ ಅದೂ ನಡೆಯುತ್ತದೆ, ಆದರೆ ನಕಲಿಗೆ ಅಸಲಿ ಬೆಲೆ ಕೊಡಬೇಡಿ. ತಗೊಳ್ಳುವುದೇ ಆದರೆ ಎದೆಯ ಲಾಂಛನದ ಮೇಲಿನ ನಕ್ಷತ್ರ ಎಣಿಸಿ. ಒಂದು ವಿಶ್ವಕಪ್ ಗೆಲುವಿಗೆ ಒಂದು ನಕ್ಷತ್ರ. 2022ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್‌ನಲ್ಲಿ ವಿಶ್ವಕಪ್ ಫೈನಲ್ ಆಡಿ, ಫ್ರಾನ್ಸ್ ವಿರುದ್ಧ 3–3 ಆಗಿ, ಪೆನಾಲ್ಟಿಯಲ್ಲಿ 4–2ರಿಂದ ಗೆದ್ದರಲ್ಲ, ಆ ಪಂದ್ಯ ಆಡಿದ ಜೆರ್ಸಿಯಲ್ಲಿ ಇದ್ದದ್ದು ಎರಡೇ ನಕ್ಷತ್ರ, 1978ರದ್ದು ಮತ್ತು 1986ರದ್ದು. ಮೂರನೆಯದು ಸೇರಿದ್ದು ಗೆದ್ದ ಮೇಲೆ. 13ರ ಹುಡುಗನಿಗೆ ಇದೆಲ್ಲ ಬಾಯಿಪಾಠ, ನೋಡಿದ ಕೂಡಲೇ ಕೇಳುತ್ತಾನೆ. ಬೆಳೆಯುವ ವಯಸ್ಸು, ಒಂದು ಸೈಜ್ ದೊಡ್ಡದೇ ತನ್ನಿ. ಒಗೆಯುವಾಗ ಒಳಮಗ್ಗುಲು ಹೊರಗೆ ಮಾಡಬೇಕು, ನಂಬರ್ ಮೇಲೆ ಇಸ್ತ್ರಿ ಇಡಬಾರದು ಎಂದು ಅಕ್ಕನಿಗೂ ಹೇಳಿ.

ಆನ್‌ಲೈನ್‌ನಲ್ಲಿ ಮಾರುವ ‘ಮೆಸ್ಸಿ ಸಹಿ ಇರುವ’ ಫೋಟೊ, ಚೆಂಡುಗಳ ಹತ್ತಿರ ಹೋಗಲೇಬೇಡಿ. ಜೊತೆಗೆ ಕೊಡುವ ಸರ್ಟಿಫಿಕೇಟನ್ನೂ ಯಾರು ಬೇಕಾದರೂ ಅಚ್ಚು ಹಾಕಬಹುದು. ಬೂಟನ್ನೂ ಅವನ ಕಾಲು ಅಳೆಯದೆ ತರಬೇಡಿ.

ಆಡುವ ಹುಡುಗನಾದರೆ ಒಳ್ಳೆಯ ಚೆಂಡು ಕೊಡಿ. 13ಕ್ಕೆ 5ನೇ ಸೈಜ್, ಅಂದರೆ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಜಲಂಧರ್, ಮೀರತ್ ಕಡೆ ತಯಾರಾಗುವ ಚೆಂಡುಗಳು ನಿಮ್ಮ ಬಜೆಟ್ಟಿನಲ್ಲೇ ಬರುತ್ತವೆ. ನಮ್ಮ ಕಡೆಯ ಚಿರೇಕಲ್ಲಿನ ನೆಲ ನುಣುಪು ಚೆಂಡಿನ ಮೈಯನ್ನು ತಿಂಗಳೊಪ್ಪತ್ತಿನಲ್ಲಿ ಸುಲಿದುಹಾಕುತ್ತದೆ. ಅದಕ್ಕೇ ಗಟ್ಟಿ ರಬ್ಬರಿನ ಮೈ ಇರುವುದನ್ನೇ ಕೇಳಿ. ಜೊತೆಗೆ ಪಂಪು, ಎರಡು ಮೂರು ಸೂಜಿ ಇರಲಿ. ಸೂಜಿಯನ್ನು ಒದ್ದೆ ಮಾಡಿ ಚುಚ್ಚಬೇಕು, ಒಣ ಸೂಜಿ ವಾಲ್ವನ್ನು ಹರಿಯುತ್ತದೆ. ನಾನು ಆಡಿಸುವ ಹುಡುಗರು ಹಾಳು ಮಾಡಿಕೊಂಡ ಚೆಂಡುಗಳಲ್ಲಿ ಅರ್ಧ ಹೀಗೆಯೇ ಹೋದವು.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಉಡುಗೊರೆ ಬೇರೆ. ನನಗೂ ಅವನಷ್ಟೇ ವಯಸ್ಸಿದ್ದಾಗ ಮಡಗಾಂವ್‌ನಲ್ಲಿ ಕೆಲಸದಲ್ಲಿದ್ದ ಸೋದರಮಾವ ಅಲ್ಲಿನ ಫಾತೋರ್ಡಾ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗಿದ್ದರು. ಗೋವಾದ ಡೆಂಪೋ ತಂಡದ ಪಂದ್ಯ. ಮುಂದೆ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ತಂಡ ಎಂದು ಎಣಿಸುವ ಹೊತ್ತಿಗೆ ಅದು ನನಗೆ ಮನೆಯ ತಂಡವಾಗಿತ್ತು. ಮಾವ ಟಿಕೆಟಿನ ಚೂರನ್ನು ಎಸೆಯದೆ ನನ್ನ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ತಾರೀಖು ಬರೆದು, ಗೋಲ್ ಹೊಡೆದವರ ಹೆಸರನ್ನು ನನ್ನ ಕೈಯಲ್ಲೇ ಬರೆಸಿದರು. ಆ ವರ್ಷ ಕೊಡಿಸಿದ ಜೆರ್ಸಿ ನೆಲ ಒರೆಸುವ ಬಟ್ಟೆಯಾಗಿ ಎಷ್ಟೋ ಕಾಲವಾಯಿತು. ನೋಟ್‌ಬುಕ್ ನನ್ನ ಕಪಾಟಿನಲ್ಲಿದೆ. ಮಾವ ಈಗಿಲ್ಲ. ಆ ಪುಟದಲ್ಲಿ ಅವರ ಅಕ್ಷರವಿದೆ.

ಹಾಗಾಗಿ, ಎಫ್‌ಸಿ ಗೋವಾ ಫಾತೋರ್ಡಾದಲ್ಲಿ ಯಾವಾಗ ಆಡುತ್ತದೆ ನೋಡಿ. ಬೆಂಗಳೂರು ಎಫ್‌ಸಿ ಎದುರಾಳಿಯಾದರಂತೂ ಬಿಡಬೇಡಿ. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಬೆಂಗಳೂರು 1–0ರಿಂದ ಗೆದ್ದದ್ದು ಇದೇ ಗೋವಾ ವಿರುದ್ಧ, ಅದೂ ಹೆಚ್ಚುವರಿ ಸಮಯದಲ್ಲಿ. ಆ ಸಂಜೆ ಕಾರವಾರದ ಮನೆಗಳಲ್ಲೇ ಎರಡು ಪಕ್ಷವಾಗಿತ್ತು. ಶಿರವಾಡದಲ್ಲಿರುವ ನಮ್ಮ ಕಾರವಾರ ಸ್ಟೇಷನ್ನಿನಿಂದ ಮಡಗಾಂವ್‌ಗೆ ರೈಲಿನಲ್ಲಿ ಸುಮಾರು ಒಂದು ತಾಸು. ಪಂದ್ಯ ಮುಗಿಯುವುದು ರಾತ್ರಿಯಾಗಿ, ಆದ್ದರಿಂದ ವಾಪಸ್ ಬರುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ರೈಲು ನಂಬಿಕೊಂಡು ಮಗುವನ್ನು ಕರೆದುಕೊಂಡು ಹೋಗಬೇಡಿ. ಈಗ ಟಿಕೆಟ್ ಮೊಬೈಲಿಗೇ ಬರುವುದರಿಂದ, ಹೊರಡುವ ಮುಂಚೆ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿಡಿ, ಅಂಟಿಸಲು ಬೇಕು. ಮಿಕ್ಕ ದುಡ್ಡಿಗೆ ಅಲ್ಲೇ ತಂಡದ ಸ್ಕಾರ್ಫ್ ಸಿಕ್ಕರೆ ತನ್ನಿ. ಚಳಿ ದೇಶದವರ ರೂಢಿ ಅದು, ನಮ್ಮ ಸೆಖೆಗೆ ಯಾರೂ ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲ, ಗೋಡೆಗೆ ಮಾತ್ರ ಬಹಳ ಚೆಂದ.

ರಜೆಯಲ್ಲಿ ಪಂದ್ಯ ಇಲ್ಲದಿದ್ದರೆ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ‘ಫಾತೋರ್ಡಾ, ಚಿಕ್ಕಮ್ಮನ ಜೊತೆ’ ಎಂದು ಬರೆದು, ತಾರೀಖಿನ ಜಾಗ ಖಾಲಿ ಬಿಟ್ಟು ಚೆಂಡಿನ ಜೊತೆ ಅವನ ಕೈಗೆ ಕೊಡಿ.