ದೀಪ ಹಚ್ಚುವಾಗ ಹುಟ್ಟಿದ ಸಂಶಯ

ಪ್ರಶ್ನೆ: ಸುಮಾರು ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ದೀಪ ಹಚ್ಚಿ ಪೂಜೆ ಮಾಡುತ್ತಾ ಬಂದಿದ್ದೇನೆ. ಈಚೆಗೆ ವೇದಾಂತದ ಪಾಠಕ್ಕೆ ಹೋಗುತ್ತಿದ್ದೇನೆ. ದೇವರು ನಿರ್ಗುಣ, ನಿರಾಕಾರ, ಮೂರ್ತಿಪೂಜೆ ಏನಿದ್ದರೂ ಮೊದಲ ಮೆಟ್ಟಿಲು ಎಂದು ಅಲ್ಲಿ ಕೇಳಿದ ಮೇಲೆ ಪೂಜೆಗೆ ಕುಳಿತರೆ ಮನಸ್ಸು ನಿಲ್ಲುತ್ತಿಲ್ಲ. ಯಾರಿಗೆ ಹೂವು ಏರಿಸುತ್ತಿದ್ದೇನೆ ಎನಿಸುತ್ತದೆ. ಜ್ಞಾನ ಬೇಕೆಂದರೆ ಭಕ್ತಿಯನ್ನು ದಾಟಿ ಹೋಗಲೇಬೇಕೆ?

ಉತ್ತರ: ಪೂಜೆ ಬಿಡಬೇಡಿ ತಾಯಿ. ಪಾಠವನ್ನೂ ಬಿಡಬೇಡಿ.

ನಿಮ್ಮ ಪ್ರಶ್ನೆಯನ್ನು ಅರ್ಜುನನೇ ಕೇಳಿದ್ದಾನೆ. ಗೀತೆಯ 12ನೇ ಅಧ್ಯಾಯ ಶುರುವಾಗುವುದೇ ಅದರಿಂದ. ನಿನ್ನನ್ನು ಭಜಿಸುವವರು, ಅವ್ಯಕ್ತವಾದ ಅಕ್ಷರವನ್ನು, ಅಂದರೆ ಕಣ್ಣಿಗೆ ಕಾಣದ ನಾಶವಿಲ್ಲದ ತತ್ತ್ವವನ್ನು, ಉಪಾಸಿಸುವವರು, ಇವರಲ್ಲಿ ಯೋಗವನ್ನು ಚೆನ್ನಾಗಿ ಬಲ್ಲವರು ಯಾರು ಎನ್ನುತ್ತಾನೆ. ನನ್ನಲ್ಲಿ ಮನಸ್ಸಿಟ್ಟು ಶ್ರದ್ಧೆಯಿಂದ ಉಪಾಸಿಸುವವರೇ ಯುಕ್ತತಮರು, ಯೋಗದಲ್ಲಿ ಎಲ್ಲರಿಗಿಂತ ಮೇಲು ಎಂದು ಕೃಷ್ಣ ಹೇಳುತ್ತಾನೆ. ಅವ್ಯಕ್ತವನ್ನು ಹಿಡಿದವರೂ ನನ್ನನ್ನೇ ಸೇರುತ್ತಾರೆ, ಆದರೆ ದೇಹ ಹೊತ್ತವರಿಗೆ ಆ ದಾರಿ ಹೆಚ್ಚು ಕಷ್ಟದ್ದು ಎಂದೂ ಸೇರಿಸುತ್ತಾನೆ. ನಿಮ್ಮ ಮೂವತ್ತು ವರ್ಷದ ಪೂಜೆಯನ್ನು ಚಿಕ್ಕದು ಮಾಡುವ ಮಾತು ಅಲ್ಲಿ ಒಂದೂ ಇಲ್ಲ.

7ನೇ ಅಧ್ಯಾಯವನ್ನೂ ನೋಡಿ. ನನ್ನನ್ನು ಭಜಿಸುವವರು ನಾಲ್ಕು ಬಗೆ: ಕಷ್ಟಕ್ಕೆ ಸಿಕ್ಕಿದವನು, ತಿಳಿಯಬೇಕೆಂಬ ಹಂಬಲದವನು, ಏನನ್ನೋ ಬಯಸಿ ಬಂದವನು, ಜ್ಞಾನಿ. ಜ್ಞಾನಿಯನ್ನು ಕೃಷ್ಣ ಎಣಿಸಿದ್ದು ಭಕ್ತರ ಸಾಲಿನಲ್ಲೇ. ಅವನು ನನಗೆ ಅತ್ಯಂತ ಪ್ರಿಯ ಎನ್ನುವಾಗಲೂ ಆ ಸಾಲಿನಿಂದ ಅವನನ್ನು ಹೊರಗೆ ತೆಗೆಯುವುದಿಲ್ಲ. ಹಾಗಿರುವಾಗ ಜ್ಞಾನ ಬಂದವನು ಭಕ್ತಿಯನ್ನು ದಾಟಿ ಇನ್ನೆಲ್ಲಿಗೆ ಹೋಗಬೇಕು?

ತೊಡಕು ಇರುವುದು ಜ್ಞಾನ ಎಂಬ ಪದವನ್ನು ನಾವು ಬಳಸುವ ರೀತಿಯಲ್ಲಿ. ದೇವರ ಬಗ್ಗೆ ನಾಲ್ಕು ಮಾತು ತಿಳಿದರೆ ಅದನ್ನೇ ಜ್ಞಾನ ಎಂದುಕೊಳ್ಳುತ್ತೇವೆ. 13ನೇ ಅಧ್ಯಾಯ ಜ್ಞಾನವೆಂದರೆ ಏನು ಎಂದು ಪಟ್ಟಿಯನ್ನೇ ಕೊಡುತ್ತದೆ. ಅದರ ಮೊದಲ ಪದ ‘ಅಮಾನಿತ್ವ’: ತಾನು ದೊಡ್ಡವನೆಂಬ ಭಾವ ಇಲ್ಲದಿರುವುದು. ಅದರ ಹಿಂದೆಯೇ ಆಡಂಬರ ಇಲ್ಲದಿರುವುದು, ಅಹಿಂಸೆ, ಸಹನೆ, ನೇರ ನಡತೆ. ಹೀಗೆ ಮುಂದುವರಿದು ಅದೇ ಪಟ್ಟಿಯೊಳಗೆ ‘ನನ್ನಲ್ಲಿ ಅಚಲವಾದ ಭಕ್ತಿ’ ಎಂಬುದೂ ಬರುತ್ತದೆ. ಇದನ್ನು ಮೊದಲ ಸಲ ಗಮನಿಸಿದ ದಿನ ನಾನು ಪುಸ್ತಕ ಮಡಿಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಷ್ಟು ವರ್ಷ ಓದಿದ್ದರೂ ಪಟ್ಟಿಯ ಮೊದಲ ಪದದಲ್ಲೇ ನಾನು ಎಡವುತ್ತಿದ್ದೆ.

ಇನ್ನು ಮೂರ್ತಿಯ ವಿಷಯ. ನೀವು ದಿನಾ ಮಾಡುವ ಪೂಜೆಯನ್ನೇ ಒಮ್ಮೆ ಹತ್ತಿರದಿಂದ ನೋಡಿ. ಷೋಡಶೋಪಚಾರದ, ಅಂದರೆ ಹದಿನಾರು ಉಪಚಾರಗಳ ಕ್ರಮದಲ್ಲಿ ಧ್ಯಾನವಾದ ಮೇಲೆ ‘ಆವಾಹಯಾಮಿ’ ಎನ್ನುತ್ತೇವೆ, ಬಾ ಎಂದು ಕರೆಯುತ್ತೇವೆ. ಆಮೇಲೆ ಆಸನ, ಕಾಲು ತೊಳೆಯಲು ನೀರು, ಸ್ನಾನ, ವಸ್ತ್ರ, ಗಂಧ, ಹೂವು, ನೈವೇದ್ಯ. ಬಾಗಿಲಿಗೆ ಬಂದ ಅತಿಥಿಗೆ ಮಾಡುವುದೆಲ್ಲ ಇಲ್ಲಿದೆ. ಗಣೇಶನ ಮಣ್ಣಿನ ಮೂರ್ತಿಯಾದರೆ ಕೊನೆಗೆ ‘ಉದ್ವಾಸಯಾಮಿ’ ಎಂದು ಬೀಳ್ಕೊಟ್ಟು, ನಿನ್ನೆಯವರೆಗೆ ಕೈಮುಗಿದ ಆ ಮಣ್ಣನ್ನು ನೀರಿಗೆ ಬಿಡುತ್ತೇವೆ. ದೇವರು ಈ ಮಣ್ಣಿನಷ್ಟೇ ಎಂದು ನಂಬಿದವರು ಹಾಗೆ ಮಾಡಲು ಸಾಧ್ಯವೇ? ನಿಮ್ಮ ಪಾಠದಲ್ಲಿ ಹೇಳಿದ ನಿರಾಕಾರದ ಮಾತು ಪೂಜೆಯ ಒಳಗೇ ಮೊದಲಿನಿಂದ ಇದೆ.

ಕೊನೆಯಲ್ಲಿ ಹೇಳುವ ಕ್ಷಮಾಪ್ರಾರ್ಥನೆ ನಿಮಗೆ ಬಾಯಿಪಾಠ ಇರಬಹುದು. ‘ಆವಾಹನಂ ನ ಜಾನಾಮಿ, ನ ಜಾನಾಮಿ ವಿಸರ್ಜನಂ.’ ಕರೆಯುವುದು ನನಗೆ ತಿಳಿಯದು, ಬೀಳ್ಕೊಡುವುದೂ ತಿಳಿಯದು, ಪೂಜೆಯೇ ತಿಳಿಯದು, ಕ್ಷಮಿಸು. ಎಲ್ಲ ಮಾಡಿ ಮುಗಿಸಿದ ಮೇಲೆ ನನಗೆ ತಿಳಿಯದು ಎನ್ನುತ್ತೇವೆ. ಕೇನೋಪನಿಷತ್ತು ಹೇಳುವುದೂ ಇದಕ್ಕೆ ದೂರವಿಲ್ಲ: ತಿಳಿಯಿತು ಎಂದವರಿಗೆ ಅದು ತಿಳಿದಿಲ್ಲ. ಪಾಠದಲ್ಲಿ ಕೇಳಿದ್ದನ್ನು ಮತ್ತು ಪೂಜೆಯಲ್ಲಿ ಹೇಳಿದ್ದನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಜಗಳ ಅವೆರಡರ ನಡುವೆ ಇಲ್ಲ.

ಆಚಾರ್ಯರಲ್ಲಿ ಭೇದವಿದೆ, ಅದನ್ನು ಮುಚ್ಚಿಡಬಾರದು. ಶಂಕರರಿಗೆ ಮೋಕ್ಷಕ್ಕೆ ನೇರ ಸಾಧನ ಜ್ಞಾನ. ಕರ್ಮ, ಉಪಾಸನೆಗಳು ಚಿತ್ತವನ್ನು ಶುದ್ಧಮಾಡಿ ಅದಕ್ಕೆ ಸಿದ್ಧಗೊಳಿಸುತ್ತವೆ. ರಾಮಾನುಜರಿಗೆ ಎಣ್ಣೆಯ ಧಾರೆಯಂತೆ ಕಡಿಯದ, ಪ್ರೀತಿ ತುಂಬಿದ ಸ್ಮರಣೆಯೇ ಭಕ್ತಿ, ಅದೇ ಜ್ಞಾನದ ಪಕ್ವ ರೂಪ. ಮಧ್ವರು ಭಗವಂತನ ಮಹಿಮೆಯನ್ನು ತಿಳಿದು ಹುಟ್ಟುವ ದೃಢವಾದ ಸ್ನೇಹವನ್ನು ಭಕ್ತಿ ಎಂದರು. ನಿಮ್ಮ ಗುರುಗಳ ದಾರಿ ಯಾವುದೋ ಅದರಲ್ಲೇ ಹೋಗಿ.

ನಾಳೆ ಬೆಳಿಗ್ಗೆ ದೀಪ ಹಚ್ಚುವಾಗ ಬತ್ತಿ ಹೊತ್ತಿಕೊಳ್ಳುವ ತನಕ ಕಣ್ಣನ್ನು ಅಲ್ಲೇ ಇಡಿ. ಯಾರಿಗೆ ಎಂಬ ಪ್ರಶ್ನೆ ಬಂದರೆ ಓಡಿಸಬೇಡಿ, ಅದನ್ನೂ ಹೂವಿನ ಜೊತೆ ಇಟ್ಟುಬಿಡಿ.

ಪ್ರಶ್ನೆ: ನಾನು ವಿದ್ಯಾರ್ಥಿ. ದೇವರ ಬಗ್ಗೆ ಏನೇ ಕೇಳಿದರೂ ಮನೆಯಲ್ಲಿ ‘ಸಂಶಯಾತ್ಮಾ ವಿನಶ್ಯತಿ’, ಸಂಶಯಪಡುವವನು ನಾಶವಾಗುತ್ತಾನೆ ಎಂದು ಬಾಯಿ ಮುಚ್ಚಿಸುತ್ತಾರೆ. ಪ್ರಶ್ನೆ ಕೇಳುವುದು ಪಾಪವೇ?

ಉತ್ತರ: ಖಂಡಿತ ಅಲ್ಲಪ್ಪ. ಆ ಮಾತು ಇರುವುದು ಗೀತೆಯ 4ನೇ ಅಧ್ಯಾಯದ 40ನೇ ಶ್ಲೋಕದಲ್ಲಿ. ಆರು ಶ್ಲೋಕ ಹಿಂದಕ್ಕೆ ಹೋಗಿ 34ನೆಯದನ್ನು ಓದು. ಜ್ಞಾನ ಪಡೆಯುವ ಬಗೆಯನ್ನು ಕೃಷ್ಣ ಮೂರು ಪದದಲ್ಲಿ ಹೇಳುತ್ತಾನೆ: ಪ್ರಣಿಪಾತ, ಪರಿಪ್ರಶ್ನ, ಸೇವೆ. ನಮಸ್ಕರಿಸು, ಚೆನ್ನಾಗಿ ಕೇಳು, ಸೇವೆ ಮಾಡು. ಕೇಳುವುದು ಅಲ್ಲಿ ಶಿಷ್ಯನ ಕರ್ತವ್ಯ. ಅರ್ಜುನ ಕೇಳದೇ ಇದ್ದಿದ್ದರೆ ಗೀತೆ ಇಷ್ಟು ಉದ್ದ ಬೆಳೆಯುತ್ತಿರಲಿಲ್ಲ.

40ನೇ ಶ್ಲೋಕ ಎಚ್ಚರಿಸುವುದು ತಿಳಿವೂ ಇಲ್ಲದೆ, ಶ್ರದ್ಧೆಯೂ ಇಲ್ಲದೆ ಸಂಶಯದಲ್ಲೇ ನಿಂತುಬಿಟ್ಟವನನ್ನು. 42ನೆಯದು ಅದಕ್ಕೆ ಮದ್ದನ್ನೂ ಹೇಳುತ್ತದೆ: ಜ್ಞಾನವೆಂಬ ಕತ್ತಿಯಿಂದ ಸಂಶಯವನ್ನು ಕತ್ತರಿಸಿ ಎದ್ದು ನಿಲ್ಲು. ಮನೆಯ ಹಿರಿಯರ ಮೇಲೆ ಸಿಟ್ಟಾಗಬೇಡ. ಉತ್ತರ ಗೊತ್ತಿಲ್ಲ ಎನ್ನಲು ಅವರಿಗೆ ಸಂಕೋಚ ಇದ್ದೀತು. ಅವರ ಜೊತೆ ಕುಳಿತು 12ನೇ ಅಧ್ಯಾಯವನ್ನು ಓದು. ಇರುವುದು 20 ಶ್ಲೋಕ, ದಿನಕ್ಕೊಂದರಂತೆ ಅರ್ಥ ಸಮೇತ. ನಿನ್ನ ಪ್ರಶ್ನೆಗಳನ್ನು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡು, ಮುಗಿದ ಮೇಲೆ ಉಳಿದವನ್ನು ನನಗೆ ಕಳಿಸು.