ಎಂಟು ಜನರ ಆಫೀಸಿಗೆ ಸ್ವಂತ ಪಿಬಿಎಕ್ಸ್ ಬೇಕೇ?
ಆಫೀಸಿಗೆ ಸ್ವಂತ ಪಿಬಿಎಕ್ಸ್, ಅಂದರೆ ಕರೆಗಳನ್ನು ಒಳಗಿನ ಫೋನ್‌ಗಳಿಗೆ ಹಂಚುವ ನಮ್ಮದೇ ಎಕ್ಸ್‌ಚೇಂಜ್ ಬೇಕಾ ಅಂತ ಕೇಳಿದ್ದೀರಿ. ಎಂಟು ಜನ, ಒಟ್ಟಿಗೆ ನಾಲ್ಕಕ್ಕಿಂತ ಹೆಚ್ಚು ಕರೆ ಇರಲ್ಲ, ಐಟಿಗೆಂದೇ ಬೇರೆ ಯಾರೂ ಇಲ್ಲ ಅಂದಿದ್ದೀರಿ. ಹಾಗಿದ್ದರೆ ಸ್ವಂತ ಪಿಬಿಎಕ್ಸ್ ಸರ್ವರ್‌ನ ಉಸಾಬರಿ ಬೇಡ, ಇಂಟರ್ನೆಟ್ ಮೇಲೆಯೇ ಕರೆ ಸಾಗಿಸುವ, ತಿಂಗಳಿಗಿಷ್ಟು ಅಂತ ಕಟ್ಟುವ ಕ್ಲೌಡ್ ಫೋನ್ ಸೇವೆ ತಗೊಳ್ಳಿ. ಸ್ವಂತ ಪಿಬಿಎಕ್ಸ್ ನಡೆಸುವ ಆಸ್ಟರಿಸ್ಕ್ ಸಾಫ್ಟ್‌ವೇರ್ ಪುಕ್ಕಟೆ ಅನ್ನೋದೇನೋ ನಿಜ. ಆದರೆ ಅದನ್ನು ಅಪ್‌ಡೇಟ್ ಮಾಡುತ್ತ ಕಾಯಲು ಒಬ್ಬರು ಬೇಕಲ್ಲ? ಪಾಸ್‌ವರ್ಡ್ ಸಡಿಲವಾಗಿದ್ದರೆ ಯಾರೋ ನುಗ್ಗಿ ರಾತ್ರೋರಾತ್ರಿ ವಿದೇಶಕ್ಕೆ ಕರೆ ಮಾಡುತ್ತಾರೆ, ಬಿಲ್ ನಿಮ್ಮ ತಲೆಗೆ.

ಇಂಟರ್ನೆಟ್ ವೇಗ ಸಾಲದೇನೋ ಅನ್ನುವ ಭಯ ಬಿಡಿ. ಜಿ.711 ಕೋಡೆಕ್‌ನಲ್ಲಿ (ಧ್ವನಿಯನ್ನು ಡೇಟಾ ಮಾಡುವ ವಿಧಾನ) ಒಂದು ಕರೆಗೆ ಹೋಗಲು ಬರಲು ತಲಾ 90 ಕೆಬಿಪಿಎಸ್ ಆಸುಪಾಸು. ನಾಲ್ಕು ಕರೆಗೆ ಒಂದೊಂದು ಕಡೆಗೆ ಅರ್ಧ ಎಂಬಿಪಿಎಸ್ ಕೂಡ ಆಗಲ್ಲ. ಮಾತು ಕೆಡಿಸುವುದು ಜಿಟರ್, ಅಂದರೆ ಧ್ವನಿ ಹೊತ್ತ ಡೇಟಾ ತುಣುಕುಗಳು (ಪ್ಯಾಕೆಟ್‌ಗಳು) ಒಂದೇ ಸಮನೆ ಬರದೆ ಒಂದು ಬೇಗ, ಒಂದು ತಡವಾಗಿ ತಲುಪೋದು. ಆಫೀಸಿನಲ್ಲೇ ಪಕ್ಕದವರು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿದರೆ ಸಾಕು, ಧ್ವನಿ ತುಂಡು ತುಂಡು. ಹಾಗಾಗಿ ರೌಟರ್‌ನಲ್ಲಿ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕು ಅನ್ನುವ ಸೆಟ್ಟಿಂಗ್) ಇರಲಿ, ಕರೆಗಳಿಗೆ ಮೊದಲ ಆದ್ಯತೆ ಕೊಡಿ. ಟೇಬಲ್ ಫೋನ್‌ಗಳಿಗೆ ವೈಫೈಗಿಂತ ಕೇಬಲ್ ವಾಸಿ.

ರೌಟರ್‌ನಲ್ಲಿ 'ಎಸ್ಐಪಿ ಎಎಲ್‌ಜಿ' ಅನ್ನುವ, ಇಂಟರ್ನೆಟ್ ಕರೆಯ ಸಂದೇಶಗಳನ್ನು ದಾರಿಯಲ್ಲಿ ತಿದ್ದುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಹೆಸರಿಗೆ ಅದು ಸಹಾಯಕ್ಕೆಂದೇ ಇರೋದು, ಮಾಡೋದು ಮಾತ್ರ ತಲೆಹರಟೆ. ಆ ಕಡೆಯವರ ಮಾತು ನಮಗೆ ಕೇಳುತ್ತೆ, ನಮ್ಮದು ಅವರಿಗೆ ಕೇಳಲ್ಲ ಅಂತ ನಾನು ಎರಡು ದಿನ ಒದ್ದಾಡಿದ್ದು ಇದೊಂದರಿಂದಲೇ.

ಕರೆಂಟ್ ಹೋದರೆ ಫೋನೂ ಹೋಗುತ್ತೆ, ರೌಟರ್‌ಗೂ ಸ್ವಿಚ್‌ಗೂ ಯುಪಿಎಸ್ ಹಾಕಿಸಿ. ಹಳೇ ನಂಬರ್ ಪೋರ್ಟ್ ಆಗುತ್ತಾ ಅಂತ ಒಪ್ಪಂದಕ್ಕೆ ಮೊದಲೇ ಕೇಳಿ. ಅದು ಪೂರ್ತಿ ಮುಗಿಯುವ ತನಕ ಹಳೇ ಲೈನ್ ಕಟ್ ಮಾಡಿಸಬೇಡಿ.